ಹೀಟ್ಸ್‌ಗಿಂತ ಫೈನಲ್‌ನಲ್ಲಿ ಚೆನ್ನಾಗಿ ಓಡಿದಳೆಂದು ಮಗಳನ್ನು ಅನರ್ಹಗೊಳಿಸಿದರು. ಇದು ನ್ಯಾಯವೇ?

ತಿಪಟೂರಿನ ತಾಯಿ

ನಮಸ್ಕಾರ. ನನ್ನ ಮಗಳಿಗೆ 16 ವರ್ಷ. ಬೌದ್ಧಿಕ ಅಂಗವಿಕಲತೆ ಇದೆ, ವಿಶೇಷ ಶಾಲೆಗೆ ಹೋಗುತ್ತಾಳೆ. ಓಟವೆಂದರೆ ಅವಳಿಗೆ ಪ್ರಾಣ. ಈಚೆಗೆ ವಿಶೇಷ ಮಕ್ಕಳ ಕ್ರೀಡಾಕೂಟವೊಂದರಲ್ಲಿ 100 ಮೀಟರ್ ಓಡಿದಳು. ಬೆಳಗಿನ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಸುತ್ತಿನ ಓಟದಲ್ಲಿ, ಪಕ್ಕದ ಲೇನಿನಲ್ಲೇ ಅವಳ ಗೆಳತಿ ಇದ್ದಳು. ಅರ್ಧ ದಾರಿಯಲ್ಲಿ ಆ ಹುಡುಗಿಯ ಶೂ ಕಳಚಿಕೊಂಡಿತು. ಇವಳು ನಿಂತುಬಿಟ್ಟಳು. ಗೆಳತಿ ಶೂವನ್ನು ಕೈಯಲ್ಲಿ ಹಿಡಿದು ಮತ್ತೆ ಓಡಲು ಶುರುಮಾಡಿದ ಮೇಲೆಯೇ ತಾನೂ ಹೊರಟಳು. 24.1 ಸೆಕೆಂಡು ಬಂತು.

ಮಧ್ಯಾಹ್ನದ ಫೈನಲ್‌ಗೆ ಗೆಳತಿ ಬೇರೆ ಗುಂಪಿಗೆ ಹೋದಳು. ಇವಳು ಒಬ್ಬಳೇ ತನ್ನ ಪಾಡಿಗೆ ಓಡಿ 19.3 ಸೆಕೆಂಡಿಗೆ ಮೊದಲಿಗಳಾದಳು. ಪದಕ ಕೊಡುವ ಜಾಗದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಆಗ ಒಬ್ಬರು ಕಾಗದ ಹಿಡಿದುಕೊಂಡು ಬಂದು, 'ಈ ಮಗು ಅನರ್ಹ, ಬೆಳಿಗ್ಗೆ ಪೂರ್ತಿ ಪ್ರಯತ್ನ ಹಾಕಿ ಓಡಿಲ್ಲ' ಎಂದರು. ಸಾಲಿನಿಂದ ಅವಳ ಕೈ ಹಿಡಿದು ಈಚೆ ಕರೆದುಕೊಂಡು ಬಂದವಳು ನಾನೇ. 'ಅಮ್ಮ, ನಾನು ಫಸ್ಟ್' ಎಂದು ಹೇಳುತ್ತಲೇ ಇದ್ದಳು.

ಚೆನ್ನಾಗಿ ಓಡಿದ್ದೇ ತಪ್ಪು ಎನ್ನುವ ಆಟ ಎಲ್ಲಿಯಾದರೂ ಉಂಟೇ? ತಿಳಿದವರು ದಯವಿಟ್ಟು ಹೇಳಿ.

ಕಲ್ಪತರು

ಓದಿ ಹೊಟ್ಟೆ ಉರಿಯಿತು. ಮಕ್ಕಳ ಮೇಲೆ ಇದೆಂಥ ಕಾನೂನು? ಮೊದಲು ಲಿಖಿತ ದೂರು ಕೊಡಿ.

ಮೈದಾನದ ಮೇಷ್ಟ್ರು

ಮೇಡಂ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ನಿಯಮ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದಲ್ಲ, ಅದಕ್ಕೊಂದು ಕಾರಣವಿದೆ. ನಾನು ವಿಶೇಷ ಶಾಲೆಯೊಂದರ ದೈಹಿಕ ಶಿಕ್ಷಕ. ಬೌದ್ಧಿಕ ಅಂಗವಿಕಲರ ಕ್ರೀಡಾ ಸಂಸ್ಥೆಯಾದ ಸ್ಪೆಷಲ್ ಒಲಿಂಪಿಕ್ಸ್‌ನ ನಿಯಮದ ಕೂಟಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿರುತ್ತೇನೆ.

ಸಾಮಾನ್ಯ ಶಾಲೆಗಳ ಕೂಟದಲ್ಲಿ ಹೀಟ್ಸ್ ಇರುವುದು ನಿಧಾನದವರನ್ನು ಹೊರಗೆ ಹಾಕುವುದಕ್ಕೆ. ಇಲ್ಲಿ ಯಾರನ್ನೂ ಹೊರಗೆ ಹಾಕುವುದಿಲ್ಲ. ಬೆಳಗಿನ ಓಟದ ಸಮಯ ನೋಡಿ ಸರಿಸಮಾನರನ್ನು ಒಂದು ವಿಭಾಗಕ್ಕೆ ಸೇರಿಸುತ್ತಾರೆ. ಹುಡುಗ ಹುಡುಗಿ ಬೇರೆ, ವಯಸ್ಸಿನ ಗುಂಪು ಬೇರೆ, ಅದರ ಮೇಲೆ ಸಾಮರ್ಥ್ಯದ ಲೆಕ್ಕ. ಒಂದು ವಿಭಾಗದಲ್ಲಿ ಮೂವರಿಂದ ಎಂಟು ಜನ. ಅತಿ ವೇಗದವರಿಗೂ ಅತಿ ನಿಧಾನದವರಿಗೂ ನಡುವೆ ಸುಮಾರು ಶೇ 15ಕ್ಕಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳುವುದು ಮಾರ್ಗಸೂಚಿ. 14 ಸೆಕೆಂಡಿನವನೂ 30 ಸೆಕೆಂಡಿನವನೂ ಒಟ್ಟಿಗೆ ನಿಂತರೆ ಫಲಿತಾಂಶ ಓಟಕ್ಕೆ ಮೊದಲೇ ಗೊತ್ತು. 29, 30, 31ರವರು ಒಟ್ಟಿಗೆ ನಿಂತರೆ ಕೊನೆಯ ಹೆಜ್ಜೆಯವರೆಗೂ ಪೈಪೋಟಿ.

ಈಗ ಯಾರಾದರೂ ಕೋಚ್ 'ಬೆಳಿಗ್ಗೆ ಮೆಲ್ಲಗೆ ಓಡು, ಮಧ್ಯಾಹ್ನ ಜೋರಾಗಿ ಓಡು' ಎಂದು ಹೇಳಿಕೊಟ್ಟರೆ? ಅವರ ಮಗು ನಿಧಾನದ ವಿಭಾಗಕ್ಕೆ ಸೇರಿ ಸುಲಭವಾಗಿ ಚಿನ್ನ ಹೊಡೆಯುತ್ತದೆ. ಅದನ್ನು ತಡೆಯುವುದಕ್ಕೇ ಗರಿಷ್ಠ ಪ್ರಯತ್ನದ ನಿಯಮ ಇರುವುದು. ಹೀಟ್ಸ್‌ಗಿಂತ ಫೈನಲ್‌ನಲ್ಲಿ ಶೇ 15ಕ್ಕಿಂತ ಹೆಚ್ಚು ಬೇಗ ಓಡಬಾರದು ಎಂಬುದು ಅದರ ಅಳತೆ. ನಿಮ್ಮ ಲೆಕ್ಕದಲ್ಲಿ 24.1ರ ಶೇ 15 ಅಂದರೆ 3.6. 20.5ಕ್ಕಿಂತ ಬೇಗ ಮುಗಿಸಿದರೆ ಅನುಮಾನದ ಕಣ್ಣು ಬೀಳುತ್ತದೆ. ನಿಮ್ಮ ಮಗಳು 19.3.

ಆದರೆ ಇದಕ್ಕೆ ಪರಿಹಾರವೂ ನಿಯಮದಲ್ಲೇ ಇದೆ. ಹೀಟ್ಸ್‌ನಲ್ಲಿ ಮಗು ಬಿದ್ದರೆ, ನಿಂತರೆ, ಹೆದರಿದರೆ 'ಇದು ಇವಳ ನಿಜವಾದ ಸಮಯವಲ್ಲ, ಅಭ್ಯಾಸದಲ್ಲಿ ಇಷ್ಟು ಓಡುತ್ತಾಳೆ' ಎಂದು ಕೋಚ್ ಫೈನಲ್‌ಗೆ ಮುಂಚೆಯೇ ಬರೆದುಕೊಡಬೇಕು. ಆಗ ವಿಭಾಗ ಬದಲಾಗುತ್ತದೆ. ನಿಮ್ಮ ಕೋಚ್ ಬರೆದುಕೊಟ್ಟರೇ?

ತಿಪಟೂರಿನ ತಾಯಿ

ಇಲ್ಲ ಸರ್. ಅಂಥದ್ದೊಂದು ಇದೆ ಎಂದೇ ನಮಗೆ ಯಾರೂ ಹೇಳಲಿಲ್ಲ. ಕೋಚ್ ಆ ಹೊತ್ತಿನಲ್ಲಿ ಮೈದಾನದ ಇನ್ನೊಂದು ಬದಿಯಲ್ಲಿ ಸಾಫ್ಟ್‌ಬಾಲ್ ಎಸೆತದ ಮಕ್ಕಳ ಜೊತೆ ಇದ್ದರು. ಒಬ್ಬರ ಕೈಗೆ ಎಷ್ಟೋ ಮಕ್ಕಳು.

ಹಳೆಯ ಓಟಗಾರ

ನಾನು ವಿಶ್ವವಿದ್ಯಾಲಯದ ಮಟ್ಟದಲ್ಲಿ 400 ಮೀಟರ್ ಓಡಿದವನು, ಅದಕ್ಕೇ ನೇರವಾಗಿ ಕೇಳುತ್ತೇನೆ. ಮಕ್ಕಳ ಬಗ್ಗೆ ನನಗೆ ಗೌರವವಿದೆ, ವ್ಯವಸ್ಥೆಯ ಬಗ್ಗೆ ಪ್ರಶ್ನೆಯಿದೆ. ಒಂದೇ ದಿನ ಒಂದೇ ದೂರಕ್ಕೆ ಹತ್ತಾರು ಚಿನ್ನದ ಪದಕ ಕೊಟ್ಟರೆ ಆ ಚಿನ್ನಕ್ಕೆ ಏನು ಬೆಲೆ? 2019ರ ಅಬುಧಾಬಿ ವಿಶ್ವ ಕೂಟದಲ್ಲಿ ಭಾರತಕ್ಕೆ 368 ಪದಕ ಎಂದು ಪತ್ರಿಕೆಗಳಲ್ಲಿ ಓದಿದೆ. ಅಷ್ಟು ಪದಕ ಹೇಗೆ ಸಾಧ್ಯ ಎಂದು ಆಗಲೇ ಅನಿಸಿತ್ತು. ಹೀಗೆ ವಿಭಾಗ ಮಾಡುತ್ತಾ ಹೋದರೆ ಎಲ್ಲರೂ ಗೆದ್ದಂತೆಯೇ ಅಲ್ಲವೇ?

ಹಾಸನದ ವಿಶೇಷ ಶಿಕ್ಷಕಿ

ಸರ್, ಕುಸ್ತಿಯಲ್ಲಿ ತೂಕದ ವಿಭಾಗಗಳಿವೆ. 57 ಕೆ.ಜಿ.ಯವನ ಚಿನ್ನಕ್ಕೂ 97 ಕೆ.ಜಿ.ಯವನ ಚಿನ್ನಕ್ಕೂ ನೀವು ಬೆಲೆ ಕಟ್ಟುತ್ತೀರಾ? ಇಲ್ಲಿ ತೂಕದ ಬದಲು ವೇಗ ನೋಡುತ್ತಾರೆ, ಅಷ್ಟೇ. ಎಲ್ಲರೂ ಗೆಲ್ಲುವುದೂ ಇಲ್ಲ. ಪ್ರತಿ ವಿಭಾಗದಲ್ಲಿ ಮೂವರಿಗೆ ಪದಕ, ನಾಲ್ಕರಿಂದ ಎಂಟರವರೆಗೆ ರಿಬ್ಬನ್. ನಾಲ್ಕನೆಯ ಸ್ಥಾನದ ರಿಬ್ಬನ್ ಹಿಡಿದು ಅಳುವ ಮಕ್ಕಳನ್ನು ಪ್ರತಿ ಕೂಟದಲ್ಲೂ ಸಮಾಧಾನ ಮಾಡುತ್ತೇನೆ. ಸೋಲೆಂದರೇನು ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಇನ್ನೊಂದು ವಿಷಯ ಹೇಳಿದರೆ ನಿಮಗೆ ಮತ್ತಷ್ಟು ಸಿಟ್ಟು ಬರಬಹುದು. ಮುಂದಿನ ಹಂತಕ್ಕೆ ಆಯ್ಕೆಯಾಗುವವರು ಅತಿ ವೇಗದವರೇ ಆಗಬೇಕೆಂದಿಲ್ಲ. ಎಲ್ಲ ವಿಭಾಗಗಳಲ್ಲೂ ಮೊದಲು ಬಂದವರನ್ನು ಒಟ್ಟು ಸೇರಿಸುತ್ತಾರೆ. ಇರುವ ಸ್ಥಾನಗಳಿಗಿಂತ ಹೆಸರುಗಳು ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಹಾಗಾಗಿ 100 ಮೀಟರನ್ನು 14 ಸೆಕೆಂಡಿನಲ್ಲಿ ಓಡುವ ಹುಡುಗ ಊರಲ್ಲೇ ಉಳಿದು, 25 ಮೀಟರ್ ನಡಿಗೆಯ ಹುಡುಗಿ ವಿಶ್ವ ಕೂಟಕ್ಕೆ ಹೋಗಬಹುದು. ವ್ಯವಸ್ಥೆಯ ಮೂಲ ಉದ್ದೇಶವೇ ಅದು.

ಹಳೆಯ ಓಟಗಾರ

ಚೀಟಿ ಎತ್ತಿ ದೇಶದ ತಂಡ ಆರಿಸುವುದನ್ನು ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿದ ಆ 14 ಸೆಕೆಂಡಿನ ಹುಡುಗನಿಗೆ ಅದು ಅನ್ಯಾಯವೇ. ಕುಸ್ತಿಯ ಮಾತನ್ನು ಒಪ್ಪುತ್ತೇನೆ.

ಸುಪ್ರಭಾತ

ಗೆಳತಿಗಾಗಿ ನಿಂತ ಆ ಮಗುವಿಗೆ ನನ್ನ ನಮಸ್ಕಾರ. ಸಿಯಾಟಲ್‌ನಲ್ಲಿ ಒಂಬತ್ತು ವಿಶೇಷ ಮಕ್ಕಳು ಓಡುತ್ತಿದ್ದಾಗ ಒಬ್ಬ ಬಿದ್ದನಂತೆ. ಉಳಿದ ಎಂಟೂ ಮಕ್ಕಳು ಹಿಂದಿರುಗಿ ಬಂದು ಅವನನ್ನು ಎಬ್ಬಿಸಿ, ಎಲ್ಲರೂ ಕೈಕೈ ಹಿಡಿದು ಗೆರೆ ದಾಟಿದರಂತೆ. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತಂತೆ. ಈ ಮಕ್ಕಳು ದೇವರ ಸಮಾನ. ಇವರಿಗೆ ಸ್ಪರ್ಧೆಯೇ ಬೇಡ, ಪ್ರೀತಿ ಸಾಕು.

ಓದುಗ ರಾಮನಗರ

ಈ ಕಥೆ ವಾಟ್ಸ್ಆ್ಯಪ್‌ನಲ್ಲಿ ಎಷ್ಟು ಸಲ ಬಂದಿದೆಯೋ. ನಡೆದದ್ದು 1976ರಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನಲ್ಲಿ. ಬಿದ್ದ ಮಗುವಿನ ಬಳಿಗೆ ತಿರುಗಿ ಹೋದವರು ಒಬ್ಬರೋ ಇಬ್ಬರೋ. ಉಳಿದವರೆಲ್ಲ ನೆಟ್ಟಗೆ ಓಡಿ ಓಟ ಮುಗಿಸಿದರು. ಹಾಗೆ ಮುಗಿಸಿದ್ದರಲ್ಲಿ ಯಾವ ಕೊರತೆಯೂ ಇಲ್ಲ, ಅವರು ಬಂದದ್ದೇ ಓಡುವುದಕ್ಕೆ.

ಹಾಸನದ ವಿಶೇಷ ಶಿಕ್ಷಕಿ

ಸುಪ್ರಭಾತ ಅವರೇ, ನಿಮ್ಮ ಮನಸ್ಸು ಒಳ್ಳೆಯದು. ಆದರೆ 'ಸ್ಪರ್ಧೆ ಬೇಡ, ಪ್ರೀತಿ ಸಾಕು' ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಆ ಮಾತಿನಿಂದಲೇ ಈ ಮಕ್ಕಳನ್ನು ತಲೆಮಾರುಗಟ್ಟಲೆ ಜಗಲಿಯ ಮೇಲೆ ಕೂರಿಸಿದ್ದೇವೆ. ಸ್ಪೆಷಲ್ ಒಲಿಂಪಿಕ್ಸ್ ಸ್ಥಾಪಿಸಿದ ಅಮೆರಿಕದ ಯೂನಿಸ್ ಕೆನಡಿ ಶ್ರೈವರ್ ಅವರ ಅಕ್ಕ ರೋಸ್‌ಮೇರಿಗೆ ಬೌದ್ಧಿಕ ಅಂಗವಿಕಲತೆ ಇತ್ತು. 1962ರಲ್ಲಿ ಯೂನಿಸ್ ತಮ್ಮ ಮನೆಯ ಹಿತ್ತಲಲ್ಲೇ ಇಂಥ ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿದರು. ಮಕ್ಕಳು ಈಜಿದರು, ಚೆಂಡಾಡಿದರು, ಕುದುರೆ ಹತ್ತಿದರು. ಇವರಿಂದ ಆಗದು ಎಂದು ಎಲ್ಲರೂ ಹೇಳುತ್ತಿದ್ದುದೆಲ್ಲ ಅಲ್ಲಿ ಆಯಿತು. ಆರು ವರ್ಷದ ನಂತರ, 1968ರ ಜುಲೈ 20ರಂದು, ಷಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಸುಮಾರು ಸಾವಿರ ಸ್ಪರ್ಧಿಗಳೊಂದಿಗೆ ಮೊದಲ ಕೂಟ ನಡೆಯಿತು. ಅಲ್ಲಿಂದ ಬಂದ ಪ್ರತಿಜ್ಞೆಯ ಮೊದಲ ಮಾತೇ 'ನಾನು ಗೆಲ್ಲಬೇಕು' ಎಂದು. ಗೆಲ್ಲಲಾಗದಿದ್ದರೆ ಧೈರ್ಯದಿಂದ ಪ್ರಯತ್ನಿಸುವೆ ಎಂಬುದು ಆಮೇಲಿನ ಮಾತು.

ತಿಪಟೂರಿನ ತಾಯಿ

ಟೀಚರ್ ಹೇಳಿದ್ದು ಸರಿ. ನನ್ನ ಮಗಳು ದೇವರಲ್ಲ. ಮನೆಯಲ್ಲಿ ತಮ್ಮನ ಜೊತೆ ರಿಮೋಟಿಗೆ ಜಗಳವಾಡುತ್ತಾಳೆ, ಸೋತರೆ ಬಾಗಿಲು ಬಡಿಯುತ್ತಾಳೆ. ಅವಳಿಗೆ ಗೆಲ್ಲಬೇಕು. ಸ್ಪರ್ಧೆ ಬೇಡ ಎಂದು ನಾನು ಕೇಳುತ್ತಿಲ್ಲ. ನಿಯಮ ಸರಿಯೇ ಇರಬಹುದು, ಆದರೆ ಬೆಳಗಿನ ಓಟದಲ್ಲಿ ಅವಳು ಯಾಕೆ ನಿಂತಳು ಎಂದು ಕಾಗದ ಹಿಡಿದು ಬಂದವರು ಒಂದು ಮಾತು ಕೇಳಬಹುದಿತ್ತಲ್ಲ? ಹೀಟ್ಸ್ ನೋಡಿದ ತೀರ್ಪುಗಾರರು ಅಲ್ಲೇ ಇದ್ದರು.

ಮೈದಾನದ ಮೇಷ್ಟ್ರು

ಖಂಡಿತ ಕೇಳಬೇಕಿತ್ತು. ಹಿಡಿಯಬೇಕಾದದ್ದು ಮೋಸ ಮಾಡುವ ದೊಡ್ಡವರನ್ನು. ನಿಮ್ಮ ಮಗಳದ್ದು ಮೋಸವಲ್ಲವೆಂದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಸ್ಟಾಪ್‌ವಾಚ್ ಹಿಡಿದವರು 'ನಿಂತು ಓಡಿದಳು' ಎಂದು ಹಾಳೆಯಲ್ಲಿ ಎರಡು ಪದ ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಮುಂದಿನ ಸಲಕ್ಕೆ ಒಂದು ಸಲಹೆ. ಹೀಟ್ಸ್‌ಗೆ ಮುಂಚೆ ಇವರಿಬ್ಬರನ್ನೂ ಪಕ್ಕಪಕ್ಕದ ಲೇನಿಗೆ ಹಾಕಬೇಡಿ ಎಂದು ಕೇಳಿಕೊಳ್ಳಿ. ಲೇನು ಬದಲಿಸುವುದು ಸಂಘಟಕರಿಗೆ ಬಿಟ್ಟದ್ದು, ಆದರೂ ಕೇಳುವುದರಲ್ಲಿ ನಷ್ಟವಿಲ್ಲ.

ಗುಬ್ಬಿ ಗೆಳೆಯ

ಈ ಮಗು ಇಷ್ಟು ಚೆನ್ನಾಗಿ ಓಡುವುದಾದರೆ ಪ್ಯಾರಾಲಿಂಪಿಕ್ಸ್‌ಗೆ ಯಾಕೆ ಪ್ರಯತ್ನಿಸಬಾರದು? ಅಲ್ಲಿ ಚೀಟಿ ಇಲ್ಲ, ವಿಭಾಗವೂ ಇಲ್ಲ. ಎರಡೂ ಒಂದೇ ಅಲ್ಲವೇ?

ಅಂಕಿಅಂಶ ಪ್ರೇಮಿ

ಎರಡೂ ಒಂದೇ ಅಲ್ಲ. ಸ್ಪೆಷಲ್ ಒಲಿಂಪಿಕ್ಸ್ ಇರುವುದು ಬೌದ್ಧಿಕ ಅಂಗವಿಕಲತೆ ಇರುವವರಿಗೆ ಮಾತ್ರ. ಎಂಟು ವರ್ಷ ತುಂಬಿದವರಿಂದ ಹಿಡಿದು ಮೇಲೆ ವಯಸ್ಸಿನ ಮಿತಿಯೇ ಇಲ್ಲ. ಎಲ್ಲ ಮಟ್ಟದವರೂ ಬರಬಹುದು. ಪ್ಯಾರಾಲಿಂಪಿಕ್ಸ್ ಅತ್ಯುತ್ತಮರ ಕೂಟ, ಬಹುಪಾಲು ದೈಹಿಕ ಹಾಗೂ ದೃಷ್ಟಿ ನ್ಯೂನತೆಯವರದ್ದು. ಬೌದ್ಧಿಕ ಅಂಗವಿಕಲರಿಗೆ ಅಲ್ಲಿ ಇರುವುದು ಮೂರೇ ಕ್ರೀಡೆ: ಅಥ್ಲೆಟಿಕ್ಸ್, ಈಜು, ಟೇಬಲ್ ಟೆನಿಸ್. ಅಥ್ಲೆಟಿಕ್ಸ್‌ನಲ್ಲಿ ಅವರ ವರ್ಗ ಟಿ20, ಎಸೆತಕ್ಕೆ ಎಫ್20. 2024ರ ಪ್ಯಾರಿಸ್ ಕೂಟದಲ್ಲಿ ಅವರಿಗಿದ್ದ ಸ್ಪರ್ಧೆಗಳು 400 ಮೀಟರ್, 1,500 ಮೀಟರ್, ಉದ್ದಜಿಗಿತ ಮತ್ತು ಗುಂಡೆಸೆತ. 100 ಮೀಟರ್ ಇರಲಿಲ್ಲ.

ಅಲ್ಲಿಗೆ ಸೇರಬೇಕಾದರೆ ಐಕ್ಯೂ 75 ಅಥವಾ ಅದಕ್ಕಿಂತ ಕಡಿಮೆ ಎಂಬ ದಾಖಲೆ, ದೈನಂದಿನ ಬದುಕಿನ ಕೌಶಲಗಳಲ್ಲಿ ಇರುವ ಮಿತಿಯ ವರದಿ, ಅದು ಬೆಳವಣಿಗೆಯ ವಯಸ್ಸಿನಲ್ಲೇ ಬಂದದ್ದೆಂಬ ಪುರಾವೆ ಎಲ್ಲ ಬೇಕು. ಇಷ್ಟು ಬಿಗಿ ಯಾಕೆಂದರೆ ಸಿಡ್ನಿಯಲ್ಲಿ ಮೋಸ ನಡೆದಿತ್ತು. 2000ದಲ್ಲಿ ಚಿನ್ನ ಗೆದ್ದ ಸ್ಪೇನ್‌ನ ಬ್ಯಾಸ್ಕೆಟ್‌ಬಾಲ್ ತಂಡದ 12 ಆಟಗಾರರಲ್ಲಿ 10 ಮಂದಿಗೆ ಯಾವ ಬೌದ್ಧಿಕ ನ್ಯೂನತೆಯೂ ಇರಲಿಲ್ಲ. ತಂಡದೊಳಗೇ ಇದ್ದ ಪತ್ರಕರ್ತನೊಬ್ಬ ಅದನ್ನು ಬಯಲಿಗೆಳೆದ. ಶಿಕ್ಷೆ ಅನುಭವಿಸಿದವರು ಮಾತ್ರ ನಿಜವಾದ ಕ್ರೀಡಾಪಟುಗಳು. ಅಥೆನ್ಸ್ ಮತ್ತು ಬೀಜಿಂಗ್‌ನಲ್ಲಿ ಅವರಿಗೆ ಪದಕದ ಸ್ಪರ್ಧೆಯೇ ಇರಲಿಲ್ಲ. ಮತ್ತೆ ಬಾಗಿಲು ತೆರೆದದ್ದು 2012ರಲ್ಲಿ, ಲಂಡನ್‌ನಲ್ಲಿ.

ಹಳೆಯ ಓಟಗಾರ

ದೀಪ್ತಿ ಜೀವನ್‌ಜಿ ಇದೇ ಟಿ20 ವರ್ಗದವರು. ತೆಲಂಗಾಣದ ವಾರಂಗಲ್ ಜಿಲ್ಲೆಯ ಕೂಲಿ ಕಾರ್ಮಿಕರ ಮಗಳು. 2024ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ವಿಶ್ವ ಪ್ಯಾರಾ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನಲ್ಲಿ 400 ಮೀಟರನ್ನು 55.07 ಸೆಕೆಂಡಿಗೆ ಓಡಿ ವಿಶ್ವ ದಾಖಲೆ ಬರೆದರು. ಅದೇ ವರ್ಷ ಪ್ಯಾರಿಸ್‌ನಲ್ಲಿ 55.82ರೊಂದಿಗೆ ಕಂಚು ಗೆದ್ದರು. ಬೌದ್ಧಿಕ ಅಂಗವಿಕಲತೆಯ ವರ್ಗದಲ್ಲಿ ಭಾರತಕ್ಕೆ ಬಂದ ಮೊದಲ ಪ್ಯಾರಾಲಿಂಪಿಕ್ ಪದಕ ಅದು. 400 ಮೀಟರಿನ ಕೊನೆಯ 80 ಮೀಟರ್ ಕಾಲಿಗೆ ಏನು ಮಾಡುತ್ತದೆಂದು ಓಡಿದವರಿಗೆ ಗೊತ್ತು. ಆ ಸಮಯ ನೋಡಿ ನಾನು ಟಿವಿ ಮುಂದೆ ಎದ್ದು ನಿಂತಿದ್ದೆ. ವೇಗದ ಮಕ್ಕಳಿಗೆ ಈ ದಾರಿಯೂ ಇದೆ ಎಂದು ಪ್ರತಿ ವಿಶೇಷ ಶಾಲೆಗೂ ತಿಳಿಸಬೇಕು ಎಂಬುದೇ ನನ್ನ ವಾದ.

ಹಾಸನದ ವಿಶೇಷ ಶಿಕ್ಷಕಿ

ಅದನ್ನು ಸಂಪೂರ್ಣ ಒಪ್ಪುತ್ತೇನೆ. ಆದರೆ ನನ್ನ ತರಗತಿಯಲ್ಲಿ ಆ ದಾರಿಯಲ್ಲಿ ಹೋಗಬಲ್ಲವರು ಒಬ್ಬರಿದ್ದರೆ ಹೆಚ್ಚು. ಉಳಿದವರೂ ಸಂಜೆ ನಾಲ್ಕಕ್ಕೆ ಶೂ ಕಟ್ಟಿಕೊಂಡು ಕಾಯುತ್ತಿರುತ್ತಾರೆ.

ಅಣ್ಣನ ತಂಗಿ

ನೀವೆಲ್ಲ ಮಕ್ಕಳ ಬಗ್ಗೆ ಮಾತನಾಡುತ್ತಿದ್ದೀರಿ. ನನ್ನ ಅಣ್ಣನಿಗೆ 41. ಅವನು ಶಾಲೆಯಲ್ಲಿದ್ದಾಗ ಫುಟ್‌ಬಾಲ್ ಆಡುತ್ತಿದ್ದ, ಪದಕಗಳೂ ಇವೆ. 18 ತುಂಬಿ ಶಾಲೆ ಬಿಟ್ಟ ಮೇಲೆ ಆಟವೂ ನಿಂತಿತು. ಆಮೇಲೆ ವರ್ಷಗಟ್ಟಲೆ ಅವನ ಲೋಕವೆಂದರೆ ಟಿವಿ, ಊಟ, ಅಪ್ಪನ ಜೊತೆ ದೇವಸ್ಥಾನ. ತೂಕ ಏರಿತು, ಸಕ್ಕರೆ ಕಾಯಿಲೆ ಬಂತು. ಅಪ್ಪ ತೀರಿಕೊಂಡ ಮೇಲೆ ದೇವಸ್ಥಾನಕ್ಕೆ ಹೋಗುವುದೂ ನಿಂತಿತು.

ಈಗ ನಮ್ಮ ಮೈಸೂರಿನಲ್ಲಿ ಕೆಲವು ಪೋಷಕರು ಸೇರಿ ಭಾನುವಾರ ಬೆಳಿಗ್ಗೆ ಬೋಚೆ ಆಡಿಸುತ್ತಿದ್ದೇವೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊದಲು ಒಂದು ಪುಟ್ಟ ಚೆಂಡನ್ನು ಉರುಳಿಸುತ್ತಾರೆ, ಅದಕ್ಕೆ ಪಾಲಿನಾ ಎನ್ನುತ್ತಾರೆ. ಎರಡು ತಂಡಕ್ಕೂ ನಾಲ್ಕು ನಾಲ್ಕು ದೊಡ್ಡ ಚೆಂಡು. ಯಾರದ್ದು ಪಾಲಿನಾಕ್ಕೆ ಹತ್ತಿರ ನಿಂತಿತೋ ಅವರಿಗೆ ಅಂಕ. ಗೋಲಿಯಾಟದ ಗುರಿಯೇ, ಸ್ವಲ್ಪ ದೊಡ್ಡ ಅಳತೆಯಲ್ಲಿ. ಅಂಕಣ 60 ಅಡಿ ಉದ್ದ, 12 ಅಡಿ ಅಗಲ ಸಾಕು. ನಾವು ಉದ್ಯಾನದ ಮಣ್ಣಿನ ಮೇಲೆ ಸುಣ್ಣದ ಗೆರೆ ಹಾಕಿಕೊಂಡಿದ್ದೇವೆ.

ಅಣ್ಣ ಚೆಂಡು ಉರುಳಿಸುವ ಮುಂಚೆ ಪ್ರತಿ ಸಲ ಅದನ್ನು ಅಂಗಿಗೆ ಒರೆಸಿ, ಪಾಲಿನಾದ ಕಡೆ ಬೆರಳು ತೋರಿಸಿ, ಎಡಗಾಲು ಮುಂದಿಡುತ್ತಾನೆ. ಯಾರು ಅವಸರ ಮಾಡಿದರೂ ಈ ಮೂರರಲ್ಲಿ ಒಂದನ್ನೂ ಬಿಡುವುದಿಲ್ಲ. ಶನಿವಾರ ರಾತ್ರಿಯೇ ಟೋಪಿ ತೆಗೆದಿಡುತ್ತಾನೆ. ಅನರ್ಹತೆಯ ವಿಷಯ ಮುಖ್ಯವೇ, ಆದರೆ ಶಾಲೆ ಬಿಟ್ಟ ಮೇಲೆ ಇವರಿಗೆ ಆಟ ಎಲ್ಲಿದೆ ಎಂಬುದನ್ನೂ ಕೇಳಿ.

ಮೈದಾನದ ಮೇಷ್ಟ್ರು

ತಂಗಿ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಕೂಟಗಳಿಗೆ ಮಕ್ಕಳು ಬರುವುದು ಶಾಲೆಗಳ ಮೂಲಕ. ಶಾಲೆ ಬಿಟ್ಟವರ ಹೆಸರನ್ನು ಕಳುಹಿಸುವವರೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ. ಅಂಗವಿಕಲರು ಕ್ರೀಡೆಯಲ್ಲಿ ಭಾಗವಹಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಹೊಣೆ. ಅದರಲ್ಲಿ ಶಾಲಾ ಮಕ್ಕಳಿಗೆ ಮಾತ್ರ ಎಂದಿಲ್ಲ. ಆದರೆ ತಾಲ್ಲೂಕು ಕ್ರೀಡಾಂಗಣದಲ್ಲಿ 30 ವರ್ಷದ ಯುವಕನನ್ನು ಕರೆದುಕೊಂಡು ಹೋಗಿ ಜಾಗ ಕೇಳಿದರೆ 'ಇಲ್ಲಿ ಏನು ಮಾಡುತ್ತಾನೆ?' ಎನ್ನುವ ಮುಖಗಳೇ ಹೆಚ್ಚು.

ಬಳ್ಳಾರಿ ಬಿಸಿಲು

ಇದರ ನಡುವೆ ನನ್ನದೊಂದು ಪ್ರಶ್ನೆ. ನನ್ನ ಮಗನಿಗೆ ಡೌನ್ ಸಿಂಡ್ರೋಮ್, 9 ವರ್ಷ. ಶಾಲೆಯವರು ಜಿಮ್ನಾಸ್ಟಿಕ್ಸ್‌ಗೆ ಸೇರಿಸೋಣ ಎನ್ನುತ್ತಿದ್ದಾರೆ. ಅವನೂ ಉರುಳು ಹೊಡೆಯಲು ಕುಣಿಯುತ್ತಿದ್ದಾನೆ. ಸೇರಿಸಬಹುದೇ?

ಮಕ್ಕಳ ವೈದ್ಯೆ ಉಡುಪಿ

ಮೊದಲು ತಪಾಸಣೆ ಮಾಡಿಸಿ, ಆಮೇಲೆ ಉರುಳು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿರುತ್ತದೆ. ಕತ್ತು ಜೋರಾಗಿ ಮಡಚಿದರೆ ಅಥವಾ ಅದರ ಮೇಲೆ ಭಾರ ಬಿದ್ದರೆ ಬೆನ್ನುಹುರಿಗೆ ಪೆಟ್ಟಾಗುವ ಅಪಾಯವಿದೆ. ಅಂಥ ಮಕ್ಕಳಿಗೆ ಜಿಮ್ನಾಸ್ಟಿಕ್ಸ್, ಎತ್ತರ ಜಿಗಿತ, ಈಜಿನಲ್ಲಿ ಬಟರ್‌ಫ್ಲೈ ಮತ್ತು ತಲೆ ಮುಂದಾಗಿ ಧುಮುಕುವುದು, ಫುಟ್‌ಬಾಲ್‌ನಲ್ಲಿ ಚೆಂಡಿಗೆ ತಲೆ ಕೊಡುವುದು ಬೇಡ. ಇವು ಬಿಟ್ಟರೆ ಬೇಕಾದಷ್ಟು ಆಟಗಳಿವೆ.

ನಡಿಗೆ ಈಚೆಗೆ ಬದಲಾಗಿದೆಯೇ, ಕತ್ತು ನೋವು ಎನ್ನುತ್ತಾನೆಯೇ, ಕೈಕಾಲಿನಲ್ಲಿ ಬಲ ಕಡಿಮೆಯಾಗಿದೆಯೇ, ಮೂತ್ರದ ಮೇಲಿನ ಹಿಡಿತ ತಪ್ಪಿದೆಯೇ ಎಂದು ಗಮನಿಸಿ. ಇವುಗಳಲ್ಲಿ ಒಂದಿದ್ದರೂ ಆಟ ನಿಲ್ಲಿಸಿ ತಕ್ಷಣ ತೋರಿಸಿ. ಹೃದಯದ ತಪಾಸಣೆಯ ವರದಿ ಜೊತೆಗಿರಲಿ, ಥೈರಾಯಿಡ್ ಪರೀಕ್ಷೆಯನ್ನೂ ಮಾಡಿಸಿ. ಇಷ್ಟು ಹೇಳಿದೆನೆಂದು ಹೆದರಿ ಮನೆಯಲ್ಲಿ ಕೂರಿಸಬೇಡಿ. ಮೈ ಅಲುಗಿಸದೆ ಕೂತರೆ ಬರುವ ಕಾಯಿಲೆಗಳನ್ನು ನಾನು ದಿನವೂ ನೋಡುತ್ತೇನೆ.

ಬಳ್ಳಾರಿ ಬಿಸಿಲು

ತುಂಬಾ ಧನ್ಯವಾದ ಡಾಕ್ಟರ್. ಈ ವಾರವೇ ತೋರಿಸುತ್ತೇನೆ.

ಗುಬ್ಬಿ ಗೆಳೆಯ

ದೂರದ ಕೂಟಗಳಿಗೆ ಹೋಗುವ ಖರ್ಚನ್ನು ಪೋಷಕರು ಹೇಗೆ ತೂಗಿಸುತ್ತಾರೆ? ಎಲ್ಲರೂ ಅನುಕೂಲಸ್ಥರಲ್ಲವಲ್ಲ.

ಅಂಕಿಅಂಶ ಪ್ರೇಮಿ

ರೈಲಿನಲ್ಲಿ ರಿಯಾಯಿತಿ ಇದೆ, ಎಷ್ಟೋ ಜನಕ್ಕೆ ತಿಳಿದಿಲ್ಲ. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಬೌದ್ಧಿಕ ಅಂಗವಿಕಲರಿಗೆ ಸ್ಲೀಪರ್ ಮತ್ತು ಎ.ಸಿ. ಮೂರು ಹಂತದ ಬೋಗಿಯಲ್ಲಿ ಶೇ 75 ಕಡಿತ. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಹೊರಡುವ ಮುನ್ನಾದಿನ ಓಡಾಡಿದರೆ ಆಗುವುದಿಲ್ಲ. ಹಳ್ಳಿಯವರಾದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ, ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಅರ್ಜಿಗೆ ಅವರೇ ನೆರವಾಗುತ್ತಾರೆ.

ಬರ್ಲಿನ್ ಕನ್ನಡತಿ

ನಾನು ಧಾರವಾಡದವಳು, ಜರ್ಮನಿಯಲ್ಲಿದ್ದೇನೆ. 2023ರ ಜೂನ್‌ನಲ್ಲಿ ಇಲ್ಲಿ ವಿಶ್ವ ಕೂಟ ನಡೆದಾಗ ಸ್ವಯಂಸೇವಕಿಯಾಗಿದ್ದೆ. ಸುಮಾರು 6,500 ಸ್ಪರ್ಧಿಗಳು ಬಂದಿದ್ದರು, 26 ಕ್ರೀಡೆಗಳು. ಭಾರತ 202 ಪದಕ ಗೆದ್ದಿತು, ಅದರಲ್ಲಿ 76 ಚಿನ್ನ.

ನನ್ನ ಕೆಲಸ ಓಟಕ್ಕೆ ಮುಂಚೆ ಸ್ಪರ್ಧಿಗಳು ಕಾಯುವ ಜಾಗದಲ್ಲಿ. ಲೇನಿನ ಕ್ರಮದಲ್ಲೇ ಕುರ್ಚಿಗಳು. ಮಕ್ಕಳು ಓಡುವ ಕ್ರಮದಲ್ಲೇ ಕೂತು, ಅದೇ ಕ್ರಮದಲ್ಲಿ ಎದ್ದು, ಅದೇ ಕ್ರಮದಲ್ಲಿ ಗೆರೆಗೆ ಹೋಗುತ್ತಾರೆ. ಯಾವ ಲೇನು, ಪಕ್ಕದಲ್ಲಿ ಯಾರು ಎಂಬ ಗೊಂದಲ ಅಲ್ಲಿಯೇ ಕಳೆಯುತ್ತದೆ. ಒಬ್ಬಾಕೆ ಸದ್ದಿಗೆ ಹೆದರಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು. ಯಾವ ಭಾಷೆಯ ಹುಡುಗಿಯೋ, ನನ್ನ ಮಾತು ಅವಳಿಗೆ ತಿಳಿಯದು. ಪಕ್ಕದ ಕುರ್ಚಿಯ ಸ್ಪರ್ಧಿ ತನ್ನ ಟೋಪಿ ತೆಗೆದು ಅವಳ ಕಿವಿಯವರೆಗೂ ಎಳೆದು ಹಾಕಿದಳು. ಎರಡು ನಿಮಿಷದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸಲು ಹಲ್ಲು ಕಚ್ಚಿ ಓಡಿದರು. ಟೋಪಿ ಕೊಟ್ಟವಳು ಮುಂದೆ ಬಂದಳು.

ತಿಪಟೂರಿನ ಅಕ್ಕ, ನಿಮ್ಮ ಮಗಳು ನಿಂತದ್ದೂ ಅವಳೇ, ಗೆದ್ದದ್ದೂ ಅವಳೇ. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಯಾರೂ ಅವಳಿಗೆ ಹೇಳದಿರಲಿ.

ಹಾಸನದ ವಿಶೇಷ ಶಿಕ್ಷಕಿ

ಸದ್ದಿನ ವಿಷಯ ಬಂದದ್ದು ಒಳ್ಳೆಯದಾಯಿತು. ನನ್ನ ಇಬ್ಬರು ಮಕ್ಕಳು ಪಿಸ್ತೂಲಿನ ಸದ್ದಿಗೆ ಕುಳಿತುಬಿಡುತ್ತಾರೆ. ನಾವು ಅಭ್ಯಾಸದಲ್ಲಿ ಎರಡು ಮರದ ಹಲಗೆಗಳನ್ನು ಬಡಿದು ಶುರುಮಾಡುತ್ತೇವೆ. ಮೊದಲು ದೂರದಿಂದ, ದಿನ ಕಳೆದಂತೆ ಹತ್ತಿರದಿಂದ.

ಇನ್ನೊಂದು ತೊಂದರೆ ಕೊನೆಯ ಗೆರೆಯದ್ದು. ಗೆರೆ ಕಂಡೊಡನೆ ಹಲವು ಮಕ್ಕಳು ನಿಧಾನಿಸುತ್ತಾರೆ, ಕೆಲವರು ಗೆರೆಯ ಮೇಲೆ ಎರಡು ಕಾಲೂ ಜೋಡಿಸಿ ನಿಲ್ಲುತ್ತಾರೆ. 'ಅಲ್ಲಿಯವರೆಗೆ ಓಡು' ಎಂದು ನಾವು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸುತ್ತಾರೆ. ಅದಕ್ಕೇ ಗೆರೆಯಿಂದ ಹತ್ತು ಮೀಟರ್ ಆಚೆ ಅವರಿಗೆ ಇಷ್ಟವಾದವರನ್ನು ಕೈ ಚಾಚಿ ನಿಲ್ಲಿಸುತ್ತೇನೆ. ಗೆರೆಯ ಮಾತೇ ಎತ್ತುವುದಿಲ್ಲ, 'ಅವರ ಕೈ ಮುಟ್ಟು' ಎನ್ನುತ್ತೇನೆ. ಸಮಯದಲ್ಲಿ ತಕ್ಷಣ ವ್ಯತ್ಯಾಸ ಕಾಣುತ್ತದೆ. ಹೀಟ್ಸ್ ಮತ್ತು ಫೈನಲ್ ಎರಡರಲ್ಲೂ ಒಂದೇ ರೀತಿ ಓಡುವುದನ್ನು ಹೀಗೆಯೇ ಕಲಿಸಬೇಕು.

ಹಳೆಯ ಓಟಗಾರ

ಈ ಮಾತು ಕೇಳಿ ನನಗೊಂದು ಯೋಚನೆ ಬಂತು ಟೀಚರ್. ನಿಮ್ಮ ಶಾಲೆಗೆ ವಾರಕ್ಕೊಮ್ಮೆ ಬಂದು ಸ್ಟಾಪ್‌ವಾಚ್ ಹಿಡಿಯಲು ಜನ ಬೇಕೇ? ನಾನು ನಿವೃತ್ತ, ಹಾಸನದಿಂದ ಅರ್ಧ ಗಂಟೆಯ ದಾರಿಯಲ್ಲಿದ್ದೇನೆ. ಚೀಟಿ ಎತ್ತುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಾಸನದ ವಿಶೇಷ ಶಿಕ್ಷಕಿ

ಅಭಿಪ್ರಾಯ ಇರಲಿ, ನೀವು ಬನ್ನಿ. ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕಕ್ಕೆ. ವಿಳಾಸವನ್ನು ಖಾಸಗಿ ಸಂದೇಶದಲ್ಲಿ ಕಳುಹಿಸುತ್ತೇನೆ.

ಎರಡನೇ ವರ್ಷ ಬಿ.ಕಾಂ.

ನಾನು ವಿದ್ಯಾರ್ಥಿ. ನನ್ನಂಥವರು ಇವರ ಜೊತೆ ಆಡಬಹುದೇ, ಇಲ್ಲ ನೋಡುವುದಕ್ಕೆ ಮಾತ್ರವೇ?

ಮೈದಾನದ ಮೇಷ್ಟ್ರು

ಆಡಬಹುದು. ಯೂನಿಫೈಡ್ ಕ್ರೀಡೆ ಎಂದಿದೆ. ಒಂದೇ ತಂಡದಲ್ಲಿ ಬೌದ್ಧಿಕ ಅಂಗವಿಕಲತೆ ಇರುವವರೂ ಇಲ್ಲದವರೂ ಸೇರಿ ಆಡುತ್ತಾರೆ. ಇಲ್ಲದವರನ್ನು ಪಾರ್ಟ್‌ನರ್ ಎನ್ನುತ್ತಾರೆ. ವಯಸ್ಸೂ ಆಟದ ಮಟ್ಟವೂ ಆದಷ್ಟು ಹೊಂದಬೇಕು. ಒಂದು ಎಚ್ಚರಿಕೆ: ಪಾರ್ಟ್‌ನರ್‌ಗಳು ಚೆಂಡನ್ನು ತಮ್ಮ ತಮ್ಮಲ್ಲೇ ಇಟ್ಟುಕೊಂಡು ಗೋಲು ಹೊಡೆಯುವುದು, ಇಲ್ಲವೇ ಅಯ್ಯೋ ಪಾಪ ಎಂದು ಬೇಕೆಂದೇ ಚೆಂಡು ಬಿಡುವುದು, ಎರಡೂ ಸಲ್ಲದು. ನಿಜವಾಗಿ ಆಡುವವರು ಬೇಕು. ನಿನ್ನ ಊರು ಯಾವುದು ತಮ್ಮ?

ಎರಡನೇ ವರ್ಷ ಬಿ.ಕಾಂ.

ತುಮಕೂರು ಸರ್. ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದೇನೆ.

ತಿಪಟೂರಿನ ತಾಯಿ

ಎಲ್ಲರ ಮಾತನ್ನೂ ಮಗಳ ಕೋಚ್‌ಗೆ ತೋರಿಸಿದೆ. ಫೈನಲ್‌ಗೆ ಮುಂಚೆ ಬರೆದುಕೊಡುವ ವಿಷಯ ಅವರಿಗೆ ಗೊತ್ತಿತ್ತು, ಆ ದಿನ ಹೀಟ್ಸ್ ನೋಡಲು ಅವರಿಗೆ ಆಗಿರಲಿಲ್ಲ. ಇನ್ನು ಮುಂದೆ ಪ್ರತಿ ಕೂಟಕ್ಕೂ ಇಬ್ಬರು ಪೋಷಕರು ಜೊತೆಗೆ ಹೋಗಿ, ಪ್ರತಿ ಮಗುವಿನ ಹೀಟ್ಸ್ ನೋಡಿ, ಏನಾದರೂ ಆದರೆ ಅಲ್ಲೇ ಅವರಿಗೆ ತಿಳಿಸುವುದು ಎಂದು ತೀರ್ಮಾನಿಸಿದ್ದೇವೆ. ಸಂಘಟಕರಿಗೂ ಪತ್ರ ಬರೆದಿದ್ದೇನೆ. ಪದಕ ಕೊಡಿ ಎಂದು ಕೇಳಿಲ್ಲ. ಅನರ್ಹ ಎನ್ನುವ ಮೊದಲು ಹೀಟ್ಸ್‌ನ ತೀರ್ಪುಗಾರರನ್ನೂ ಕೋಚನ್ನೂ ಕೇಳಬೇಕು, ಮತ್ತು ಅದನ್ನು ಪದಕದ ಸಾಲಿನಲ್ಲಿ ನಿಲ್ಲಿಸುವ ಮುಂಚೆಯೇ ಮಾಡಬೇಕು ಎಂದು ಕೇಳಿದ್ದೇನೆ.

ಕಲ್ಪತರು

ಆ ಪತ್ರದ ಪ್ರತಿಯನ್ನು ಇಲ್ಲಿ ಹಾಕಿ ಅಕ್ಕ, ಹೆಸರುಗಳನ್ನು ಬಿಟ್ಟು. ನಮ್ಮ ಶಾಲೆಯ ಪೋಷಕರಿಂದಲೂ ಸಹಿ ಮಾಡಿಸಿ ಕಳುಹಿಸುತ್ತೇವೆ.

ಅಣ್ಣನ ತಂಗಿ

ಅದರಲ್ಲಿ ಒಂದು ಸಾಲು ಸೇರಿಸಿ: ಶಾಲೆ ಬಿಟ್ಟವರು ಪೋಷಕರ ಮೂಲಕವೇ ನೇರವಾಗಿ ಹೆಸರು ಕೊಡಲು ಅವಕಾಶ ಬೇಕು. ಮೈಸೂರಿನಿಂದ ನಾವು ಹನ್ನೊಂದು ಮನೆಯವರು ಸಹಿ ಹಾಕುತ್ತೇವೆ.